ಹೊಸ ಬೋರ್ ಅಂತ ಬರೆದಿದ್ದ ಸ್ವಿಚ್ಚು

ಮೂರು ದಿನದಿಂದ ಮಳೆ ಹಿಡ್ಕೊಂಡಿದೆ, ತೋಟಕ್ಕೆ ಕಾಲಿಡೋ ಹಾಗಿಲ್ಲ. ಈ ಬಿಡುವಿನಲ್ಲಿ ಮೋಟಾರ್ ಮನೆಯ ಕರೆಂಟ್ ಬೋರ್ಡಿಗೆ ಹೆಸರು, ನಂಬರು ಬರೆಯೋ ಕೆಲಸ ಮುಗಿಸಿದೆ. ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ದೆ, ಎರಡು ದಿನ ಹಿಡೀತು. ಆರ್, ವೈ, ಬಿ ಅಂತ ಬರೀವಾಗ ಇದು ಎಲ್ಲಿಂದ ಬಂತು, ಸ್ವಿಚ್ಚಿಗೆ ನಂಬರ್ ಹಾಕೋಕೆ ಬೇರೆ ದೇಶದಲ್ಲಿ ಏನು ಮಾಡ್ತಾರೆ ಅಂತ ಯೋಚನೆ ಶುರುವಾಯ್ತು. ಮಗನ ಡಿಪ್ಲೊಮಾ ಪುಸ್ತಕ ಓದಿದೆ. ರಿಟೈರ್ ಆಗಿ ನಮ್ಮ ಕಡೆ ತೋಟ ಮಾಡ್ಕೊಂಡಿರೋ ಒಬ್ಬ ಹಳೇ ಕೆಇಬಿ ಎಂಜಿನಿಯರ್ ಸಾಹೇಬ್ರನ್ನ ಹಿಡಿದು ಕೂರಿಸಿ ಕೇಳಿದೆ. ಎಲ್ಲ ಸೇರಿಸಿ ಬರೆದಿದ್ದೀನಿ. ಉದ್ದ ಇದೆ, ಪುರುಸೊತ್ತಾದಾಗ ಓದಿ. ಮೋಟಾರ್ ಇರೋ ಪ್ರತಿಯೊಬ್ಬರಿಗೂ ಬೇಕಾದ ವಿಷಯ.

ಮೊದಲು, ಇದು ಯಾಕೆ ತಲೆಗೆ ಹತ್ತಿತು ಅನ್ನೋದು ಹೇಳಬೇಕು.

ನಮ್ಮ ಮೋಟಾರ್ ಮನೆಗೆ ವೈರಿಂಗ್ ಆಗಿದ್ದು 1998ರಲ್ಲಿ. ಕಬ್ಬಿಣದ ಆಂಗಲ್ ಮೇಲೆ ಮೂರು ಕಬ್ಬಿಣದ ಡಬ್ಬಿ ಸ್ವಿಚ್ಚು, ಒಳಗೆ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಮಾಡಿದ ವೈರ್‌ಮನ್ ಒಳ್ಳೆ ಕೆಲಸಗಾರ. ಹೋಗೋ ಮುಂಚೆ ಬಿಳಿ ಪೇಂಟಿನಲ್ಲಿ ಮೂರು ಸ್ವಿಚ್ಚಿನ ಮೇಲೂ ಬರೆದಿದ್ದ: "ಹೊಸ ಬೋರ್", "ಕೊಟ್ಟಿಗೆ", "ಅಣ್ಣನ ಮನೆ". ಆವತ್ತಿಗೆ ಮೂರೂ ಸರಿಯಾಗೇ ಇತ್ತು.

2003ರ ಬರದಲ್ಲಿ ಆ ಹೊಸ ಬೋರ್ ಬತ್ತಿ ಹೋಯ್ತು. ಮೋಟಾರ್ ಎತ್ತಿಸಿದ್ವಿ, ಸ್ವಿಚ್ಚು ಸುಮ್ಮನೆ ಖಾಲಿ ಇತ್ತು. 2011ರಲ್ಲಿ ಮೇವು ಕತ್ತರಿಸೋ ಯಂತ್ರ ತಂದಾಗ ಅದೇ ಸ್ವಿಚ್ಚಿನಿಂದ ಕೊಟ್ಟಿಗೆಗೆ ಲೈನ್ ಎಳೆಸಿದ್ವಿ. ಲೈನ್ ಎಳೆಸಿದವನು ನಾನೇ. ಹೆಸರು ಅಳಿಸಲಿಲ್ಲ. ನಮಗೆ ಗೊತ್ತಲ್ಲ, ಬಿಡು ಅಂದ್ಕೊಂಡೆ.

ಹೋದ ವರ್ಷ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಯಂತ್ರ ಶುರುವಾಗಲಿಲ್ಲ. ನಾನು ಸಂತೆಗೆ ಹೋಗಿದ್ದೆ. ನನ್ನ ತಮ್ಮ ಬುದ್ಧಿವಂತಿಕೆಯಿಂದಲೇ ಕೆಲಸ ಮಾಡಿದ. ಮೋಟಾರ್ ಮನೆಗೆ ಹೋಗಿ "ಕೊಟ್ಟಿಗೆ" ಅಂತ ಬರೆದಿದ್ದ ಸ್ವಿಚ್ಚು ಕೆಳಗಿಳಿಸಿದ. ವಾಪಸ್ ಬಂದು ನೋಡಿದ, ಕೊಟ್ಟಿಗೆಯ ಬಲ್ಬ್ ಆರಿತ್ತು. ಕರೆಂಟ್ ಹೋಯ್ತು ಅಂತ ನಂಬಿ ಯಂತ್ರದ ಸ್ಟಾರ್ಟರ್ ಮುಚ್ಚಳ ತೆಗೆದು ಕೈ ಹಾಕಿದ. ಯಂತ್ರ ಇದ್ದದ್ದು ಕೊಟ್ಟಿಗೆಯಲ್ಲಿ, ಆದ್ರೆ ಅದರ ಕರೆಂಟ್ ಬರ್ತಿದ್ದದ್ದು "ಹೊಸ ಬೋರ್" ಸ್ವಿಚ್ಚಿನಿಂದ. ಅವನನ್ನ ಎತ್ತಿ ಹಿಂದಕ್ಕೆ ಎಸೀತು. ಹಿಂದೆ ಹುಲ್ಲಿನ ರಾಶಿ ಇತ್ತು, ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಜೀವ ಉಳೀತು. ಬಲಗೈ ಎರಡು ಬೆರಳು ಸುಟ್ಟವು. ಒಂದು ಬೆರಳು ಇವತ್ತಿಗೂ ಪೂರ್ತಿ ಮಡಿಸೋಕಾಗಲ್ಲ. ಹಾಲು ಕರೆಯೋ ಕೈ ಅದು. ಈಗ ಅವನ ಹೆಂಡ್ತಿ ಕರೀತಾಳೆ.

ಅವನು ನನ್ನನ್ನ ಒಂದು ಮಾತೂ ಅನ್ನಲಿಲ್ಲ. "ಅಣ್ಣ, ಬರೆದಿದ್ದು ನೋಡೇ ಇಳಿಸಿದ್ದು ಕಣೋ" ಅಂದ ಅಷ್ಟೇ. ಏನೂ ಬರೆಯದೇ ಇದ್ದಿದ್ರೆ ಅವನು ಮೂರೂ ಸ್ವಿಚ್ಚು ಇಳಿಸಿ ಬರ್ತಿದ್ದ. ಸುಳ್ಳು ಹೇಳೋ ಬರಹ ಬರಹ ಇಲ್ಲದ್ದಕ್ಕಿಂತ ಕೆಟ್ಟದ್ದು ಅಂತ ಆವತ್ತು ಗೊತ್ತಾಯ್ತು.

ಈಗ ಇತಿಹಾಸಕ್ಕೆ ಬರೋಣ.

ಮೂರು ಫೇಸ್ ಕರೆಂಟ್ ಜಗತ್ತಿಗೆ ದೊಡ್ಡದಾಗಿ ಕಾಣಿಸಿಕೊಂಡದ್ದು 1891ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದ ವಿದ್ಯುತ್ ವಸ್ತುಪ್ರದರ್ಶನದಲ್ಲಿ. ನೆಕರ್ ಅನ್ನೋ ನದಿ ದಂಡೆಯ ಲಾಫೆನ್ ಊರಲ್ಲಿ ನೀರಿನಿಂದ ಕರೆಂಟ್ ಮಾಡಿ, 175 ಕಿಲೋಮೀಟರ್ ದೂರಕ್ಕೆ ತಂತಿಯಲ್ಲಿ ಕಳಿಸಿದ್ರು. ಎಇಜಿ ಕಂಪನಿಯಲ್ಲಿದ್ದ ರಷ್ಯಾದ ಎಂಜಿನಿಯರ್ ಮಿಖಾಯಿಲ್ ಡೊಲಿವೊ ಡೊಬ್ರೊವೊಲ್ಸ್ಕಿ, ಓರ್ಲಿಕಾನ್ ಕಂಪನಿಯ ಚಾರ್ಲ್ಸ್ ಬ್ರೌನ್ ಇದರ ಹಿಂದೆ ಇದ್ದವರು. ಪ್ರದರ್ಶನದಲ್ಲಿ ಆ ಕರೆಂಟಿನಿಂದ ಮಾಡಿದ್ದು ಎರಡು ಕೆಲಸ. ಒಂದು, ಸಾವಿರ ದೀಪ ಹಚ್ಚಿದ್ದು. ಇನ್ನೊಂದು, ಮೋಟಾರಿಗೆ ಪಂಪು ಕಟ್ಟಿ ನೀರೆತ್ತಿ ಕೃತಕ ಜಲಪಾತ ಹರಿಸಿದ್ದು. ಇದನ್ನ ಓದಿದಾಗ ನನಗೆ ಬಹಳ ಖುಷಿಯಾಯ್ತು. ಮೂರು ಫೇಸ್ ಕರೆಂಟ್ ಅಷ್ಟು ದೂರ ಹೋಗಿ ಮಾಡಿದ ಮೊದಲ ಕೆಲಸಗಳಲ್ಲೇ ಪಂಪ್‌ಸೆಟ್ ಓಡಿಸೋದೂ ಇತ್ತು. ನಾವು ರೈತರು ಅವತ್ತಿಂದ ಇವತ್ತಿನವರೆಗೂ ಅದೇ ಕೆಲಸ ಮಾಡಿಸ್ತಿದ್ದೀವಿ.

ಡೊಲಿವೊ ಡೊಬ್ರೊವೊಲ್ಸ್ಕಿ ಇದಕ್ಕೆ ಜರ್ಮನ್ ಭಾಷೆಯಲ್ಲಿ ಇಟ್ಟ ಹೆಸರಿನ ಅರ್ಥ "ತಿರುಗೋ ಕರೆಂಟ್" ಅಂತ. ಹೆಸರಲ್ಲೇ ಎಲ್ಲ ಇದೆ. ಮೂರು ತಂತಿಯಲ್ಲಿ ಕರೆಂಟ್ ಒಟ್ಟಿಗೆ ಏರಿ ಇಳಿಯಲ್ಲ. ಒಂದರ ಹಿಂದೆ ಒಂದು, ಸರದಿ ಪ್ರಕಾರ ಏರುತ್ತೆ. ಕಣದಲ್ಲಿ ಮೂರು ಜನ ಒಂದೇ ರಾಗಿ ತೆನೆ ರಾಶಿಯನ್ನ ಕೋಲಲ್ಲಿ ಬಡೀತಾರಲ್ಲ, ಒಬ್ಬನ ಕೋಲು ಎದ್ದಾಗ ಇನ್ನೊಬ್ಬನದು ಬೀಳುತ್ತೆ, ಹಾಗೆ. ಆ ಸರದಿಯೇ ಮೋಟಾರನ್ನ ಎಳೆದು ತಿರುಗಿಸೋದು. ಸರದಿ ಉಲ್ಟಾ ಆದ್ರೆ ಮೋಟಾರೂ ಉಲ್ಟಾ ತಿರುಗುತ್ತೆ.

ಹಾಗಾಗಿ ಮೂರು ತಂತಿಗೆ ಹೆಸರಿಡೋದು ಬರೀ ಗುರುತಿಗಲ್ಲ. ಯಾವುದು ಮೊದಲು, ಯಾವುದು ಎರಡನೇದು, ಯಾವುದು ಮೂರನೇದು ಅನ್ನೋ ಸರದಿ ಹೇಳೋದಕ್ಕೆ. ನಮ್ಮ ಕಡೆ ಟಿಸಿ ಸುಟ್ಟು ಬೇರೆ ಟಿಸಿ ಇಟ್ಟ ಮೇಲೆ, ಎಷ್ಟೋ ಜನ ಬೋರಲ್ಲಿ ನೀರು ಕಡಿಮೆ ಆಯ್ತು ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತಿರೋದು ನೋಡಿದ್ದೀನಿ. ಮೋಟಾರ್ ಎತ್ತೋರನ್ನ ಕರೆಸಿ ದುಡ್ಡು ಕೊಟ್ಟು ಪೈಪ್ ಎಲ್ಲ ಎತ್ತಿಸಿದವರೂ ಇದ್ದಾರೆ. ಆಗಿರೋದು ಇಷ್ಟೇ, ಟಿಸಿ ಕಡೆ ಎರಡು ಫೇಸ್ ಅದಲುಬದಲು ಆಗಿ ಸಬ್‌ಮರ್ಸಿಬಲ್ ಉಲ್ಟಾ ತಿರುಗ್ತಿರುತ್ತೆ. ಉಲ್ಟಾ ತಿರುಗಿದರೂ ಸ್ವಲ್ಪ ನೀರು ಬರುತ್ತೆ, ಅದಕ್ಕೇ ಗೊತ್ತಾಗಲ್ಲ. ಸ್ಟಾರ್ಟರಿನಲ್ಲಿ ಯಾವುದಾದರೂ ಎರಡು ವೈರ್ ಬದಲಾಯಿಸಿದ್ರೆ ಸರಿಹೋಗುತ್ತೆ.

ನಮ್ಮ ರಾಜ್ಯಕ್ಕೆ ಇದು ಬಂದದ್ದು ಎಷ್ಟು ಬೇಗ ನೋಡಿ. ಫ್ರಾಂಕ್‌ಫರ್ಟ್ ಆಗಿ 11 ವರ್ಷಕ್ಕೆ, 1902ರ ಜೂನ್ 30ಕ್ಕೆ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ದೂರ 92 ಮೈಲಿ, ಅಂದ್ರೆ ಸುಮಾರು 148 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನ್‌ಗಳಲ್ಲಿ ಒಂದು. ಯೋಜನೆ ಕೈಗೆತ್ತಿಕೊಂಡವರು ದಿವಾನ್ ಶೇಷಾದ್ರಿ ಅಯ್ಯರ್, ಅವರು 1901ರಲ್ಲೇ ತೀರಿಹೋದರು, ದೀಪ ಹತ್ತಿದ್ದು ನೋಡಲಿಲ್ಲ. ಕೆಲಸ ಮಾಡಿಸಿದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್. ಕರೆಂಟ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ನೀರಿನ ಟರ್ಬೈನ್ ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯದು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟ್ 5ಕ್ಕೆ. ಮೊದಲು ಗಣಿ, ಆಮೇಲೆ ಪಟ್ಟಣ, ಹಳ್ಳಿಗೆ ಎಷ್ಟೋ ದಶಕ ಆದ ಮೇಲೆ.

ಬೋರ್ಡಿನ ಕಥೆಯೂ ಅದೇ ಕಾಲದ್ದು. ಮೊದಮೊದಲ ಬೋರ್ಡುಗಳು ಅಂದ್ರೆ ಸ್ಲೇಟು ಕಲ್ಲು ಇಲ್ಲಾ ಅಮೃತಶಿಲೆಯ ಹಲಗೆ, ಅದರ ಮೇಲೆ ಬಯಲಲ್ಲೇ ತಾಮ್ರದ ಕತ್ತಿ ಸ್ವಿಚ್ಚು. ನಮ್ಮ ಸ್ಕೂಲಿನ ಸ್ಲೇಟೇ, ದಪ್ಪ ಅಷ್ಟೇ. ಮುಟ್ಟಿದ್ರೆ ಮುಗೀತು. ಆಮೇಲೆ ಕಬ್ಬಿಣದ ಡಬ್ಬಿ ಬಂತು. 1924ರಲ್ಲಿ ಜರ್ಮನಿಯ ಮಾನ್‌ಹೈಮ್ ಊರಿನ ಸ್ಟಾಟ್ಜ್ ಕಂಪನಿ, ಫ್ಯೂಸ್ ಜಾಗದಲ್ಲಿ ತಿರುಗಿಸಿ ಕೂರಿಸೋ, ತಾನೇ ಬೀಳೋ ಸಣ್ಣ ಸ್ವಿಚ್ಚಿಗೆ ಪೇಟೆಂಟ್ ಮಾಡಿಸಿತು. ಇವತ್ತಿನ ಎಂಸಿಬಿಯ ಅಜ್ಜ ಅದು. ಹೆಸರು ಕೆತ್ತೋಕೂ ಒಂದು ವಸ್ತು ಬಂತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಟ್ರಾಫರ್ಡ್ ಪಾರ್ಕಿನಲ್ಲಿದ್ದ ಮೆಟ್ರೊಪಾಲಿಟನ್ ವಿಕರ್ಸ್ ಕಂಪನಿ 1927ರಲ್ಲಿ ಪದರ ಪದರದ ಪ್ಲಾಸ್ಟಿಕ್ ಹಾಳೆ ಮಾಡಿತು. ಮೇಲಿನ ಪದರ ಒಂದು ಬಣ್ಣ, ಒಳಗಿಂದು ಇನ್ನೊಂದು. ಕೆತ್ತಿದ್ರೆ ಒಳಗಿನ ಬಣ್ಣದಲ್ಲಿ ಅಕ್ಷರ ಕಾಣುತ್ತೆ, ಪೇಂಟಿನ ಹಾಗೆ ಉದುರಿ ಹೋಗಲ್ಲ. ಊರಿನ ಹೆಸರಿನ ಮೇಲೆ ಅದಕ್ಕೆ ಟ್ರಾಫೊಲೈಟ್ ಅಂತಾರೆ. ಸಕ್ಕರೆ ಕಾರ್ಖಾನೆ, ಸಬ್‌ಸ್ಟೇಷನ್ ಪ್ಯಾನಲ್ಲುಗಳಲ್ಲಿ ಇಂಥ ಕೆತ್ತಿದ ಪಟ್ಟಿ ನೀವು ನೋಡಿರ್ತೀರಿ.

ಇನ್ನು ಬಣ್ಣ. ಕೆಂಪು, ಹಳದಿ, ನೀಲಿ, ಅಂದ್ರೆ ರೆಡ್, ಯೆಲ್ಲೋ, ಬ್ಲೂ. ಅದೇ ನಮ್ಮ ಆರ್, ವೈ, ಬಿ. ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು. ಇದು ನಮಗೆ ಬ್ರಿಟಿಷರಿಂದ ಬಂದ ಪದ್ಧತಿ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಐಎಸ್ 375 ಅನ್ನೋ ಮಾನಕದಲ್ಲೂ ಪ್ಯಾನಲ್ ಮತ್ತು ಬಸ್‌ಬಾರ್‌ಗಳಿಗೆ ಇದೇ ಗುರುತು ಉಳೀತು. ಬ್ರಿಟಿಷರಿಂದಲೇ ಕಲಿತ ಆಸ್ಟ್ರೇಲಿಯಾದವರು ಹಳದಿ ಬದಲು ಬಿಳಿ ಇಟ್ಕೊಂಡಿದ್ದಾರೆ. ಅಮೆರಿಕದಲ್ಲಿ ಎ, ಬಿ, ಸಿ ಅಂತಾರೆ. ಅಲ್ಲಿ ಕಡಿಮೆ ವೋಲ್ಟೇಜಿಗೆ ಕಪ್ಪು, ಕೆಂಪು, ನೀಲಿ. ಜಾಸ್ತಿ ವೋಲ್ಟೇಜಿಗೆ ಕಂದು, ಕಿತ್ತಳೆ, ಹಳದಿ. ಜರ್ಮನಿಯವರು ಹಿಂದೆ ಆರ್, ಎಸ್, ಟಿ ಅಂತಿದ್ರು. ಈಗ ಸ್ಪೀಡ್ ಕಡಿಮೆ ಜಾಸ್ತಿ ಮಾಡೋ ಡ್ರೈವ್ ಬಂದಿದೆಯಲ್ಲ, ಅದರ ಮೇಲೆ ಆರ್, ಎಸ್, ಟಿ ಅಂತ ಬರೆದಿರೋದು ಅದೇ. ನಮ್ಮ ಪಕ್ಕದ ತೋಟದವರು "ಆರ್ ಅಂದ್ರೆ ರೆಡ್ಡು, ಸರಿ, ಎಸ್ ಅಂದ್ರೆ ಯಾವ ಬಣ್ಣ ಮಾರಾಯ?" ಅಂತ ನನ್ನ ಕೇಳಿದ್ರು. ಬಣ್ಣ ಅಲ್ಲ ಸ್ವಾಮಿ, ಬರೀ ಸಾಲಾಗಿ ಬರೋ ಮೂರು ಅಕ್ಷರ.

ಬಣ್ಣ ನಂಬಿ ಕೆಟ್ಟ ಕಥೆಗಳೂ ಇವೆ. ಹಳೇ ಜರ್ಮನಿಯಲ್ಲಿ ಅರ್ತ್ ವೈರು ಕೆಂಪು. ಇಂಗ್ಲೆಂಡಿನಲ್ಲಿ ಕೆಂಪು ಅಂದ್ರೆ ಕರೆಂಟ್ ಇರೋ ವೈರು. ಒಂದು ದೇಶದಲ್ಲಿ ಜೀವ ಉಳಿಸೋ ಬಣ್ಣ, ಇನ್ನೊಂದು ದೇಶದಲ್ಲಿ ಜೀವ ತೆಗೆಯೋ ಬಣ್ಣ. ಯಂತ್ರಗಳು ಗಡಿ ದಾಟಿ ಮಾರಾಟ ಆಗೋಕೆ ಶುರುವಾದ ಮೇಲೆ ಇದು ನಡೆಯೋ ಹಾಗಿರಲಿಲ್ಲ. ಅದಕ್ಕೇ 1970ರ ಆಸುಪಾಸಿನಲ್ಲಿ ಯೂರೋಪಿನವರು ಒಪ್ಪಂದಕ್ಕೆ ಬಂದು ಬಳುಕೋ ವೈರುಗಳಿಗೆ ಕಂದು, ನೀಲಿ, ಹಸಿರು ಹಳದಿ ಪಟ್ಟೆ ಅಂತ ಮಾಡಿದ್ರು. ಕೆಂಪು ಹಸಿರು ಬೇರೆ ಬೇರೆ ಕಾಣದ ಕಣ್ಣಿನ ಜನ ಇರ್ತಾರೆ, ಅವರಿಗೂ ಪಟ್ಟೆ ಗೊತ್ತಾಗುತ್ತೆ.

ದೊಡ್ಡ ಬದಲಾವಣೆ ಆದದ್ದು ಇಂಗ್ಲೆಂಡಿನಲ್ಲೇ. ನಮಗೆ ಆರ್ ವೈ ಬಿ ಕೊಟ್ಟವರೇ ಅದನ್ನ ಬಿಟ್ಟರು. 2004ರ ಮಾರ್ಚ್ 31ರಿಂದ ಹೊಸ ಬಣ್ಣಕ್ಕೆ ಅವಕಾಶ, 2006ರ ಮಾರ್ಚ್ 31ರ ನಂತರ ಹೊಸ ವೈರಿಂಗಿಗೆ ಅದೇ ಕಡ್ಡಾಯ. ಮೂರು ಫೇಸಿಗೆ ಕಂದು, ಕಪ್ಪು, ಬೂದು. ಹೆಸರು ಎಲ್1, ಎಲ್2, ಎಲ್3. ನ್ಯೂಟ್ರಲ್ ನೀಲಿ. ಇಲ್ಲೇ ಅಪಾಯ ನೋಡಿ. ಹಳೇ ಪದ್ಧತಿಯಲ್ಲಿ ಕಪ್ಪು ನ್ಯೂಟ್ರಲ್, ಹೊಸದರಲ್ಲಿ ಕಪ್ಪು ಫೇಸ್. ಹಳೇದರಲ್ಲಿ ನೀಲಿ ಫೇಸ್, ಹೊಸದರಲ್ಲಿ ನೀಲಿ ನ್ಯೂಟ್ರಲ್. ಪೂರ್ತಿ ತಲೆಕೆಳಗು. ಅದಕ್ಕೇ ಒಂದೇ ಕಟ್ಟಡದಲ್ಲಿ ಹಳೇದೂ ಹೊಸದೂ ಎರಡೂ ಬಣ್ಣದ ವೈರ್ ಇದ್ರೆ, ಬೋರ್ಡಿನ ಮೇಲೆ ಎಚ್ಚರಿಕೆ ಚೀಟಿ ಅಂಟಿಸಲೇಬೇಕು ಅಂತ ಅಲ್ಲಿ ನಿಯಮ ಮಾಡಿದ್ರು.

ಇದು ಇಂಗ್ಲೆಂಡಿನ ತಲೆನೋವು ಅಂದ್ಕೋಬೇಡಿ. ನಮ್ಮ ಪಕ್ಕದೂರಿನ ಸ್ನೇಹಿತರೊಬ್ಬರು ಹೊರದೇಶದ ಹಳೇ ಯಂತ್ರ ಒಂದನ್ನ ತಂದ್ರು. ಕೇಬಲ್ಲಿನಲ್ಲಿ ಕಂದು, ಕಪ್ಪು, ಬೂದು, ನೀಲಿ, ಜೊತೆಗೆ ಪಟ್ಟೆ ವೈರು. ಇಲ್ಲಿನ ವೈರ್‌ಮನ್ ತನಗೆ ಗೊತ್ತಿದ್ದ ಹಾಗೆ ನೀಲಿಯನ್ನ ಬಿ ಫೇಸಿಗೆ, ಕಪ್ಪನ್ನ ನ್ಯೂಟ್ರಲ್ಲಿಗೆ ಹಾಕಿದ. ಆ ಯಂತ್ರದ ಒಳಗೆ ನೀಲಿಯೇ ನ್ಯೂಟ್ರಲ್. 230 ವೋಲ್ಟ್ ಬರಬೇಕಾದ ಕಂಟ್ರೋಲ್ ಕಾರ್ಡಿಗೆ ಎರಡು ಫೇಸಿನ ಮಧ್ಯದ 400 ವೋಲ್ಟ್ ಬಂತು. ಹಾಕಿದ ಕ್ಷಣಕ್ಕೆ ಹೊಗೆ. ವೈರ್‌ಮನ್ ಕಲಿತದ್ದು ತಪ್ಪಲ್ಲ, ಯಂತ್ರವೂ ತಪ್ಪಲ್ಲ. ಎರಡು ಪದ್ಧತಿ ಸೇರೋ ಜಾಗದಲ್ಲಿ ಯಾರೂ ಏನೂ ಬರೆದಿರಲಿಲ್ಲ.

ಈಗ ನಂಬರಿನ ವಿಷಯ. ಇದು ನನಗೆ ತುಂಬಾ ಹಿಡಿಸಿತು.

ಅಮೆರಿಕದ ಬೋರ್ಡಿನಲ್ಲಿ ಸ್ವಿಚ್ಚುಗಳು ಎರಡು ಕಂಬಸಾಲು. ಎಡಗಡೆ 1, 3, 5, 7 ಅಂತ ಬೆಸ, ಬಲಗಡೆ 2, 4, 6, 8 ಅಂತ ಸಮ. ಬೀದಿಯ ಮನೆ ನಂಬರ್ ಇದ್ದ ಹಾಗೆ. ಮೊದಲನೇ ಅಡ್ಡಸಾಲು 1 ಮತ್ತು 2 ಎ ಫೇಸ್, ಎರಡನೇ ಸಾಲು 3 ಮತ್ತು 4 ಬಿ ಫೇಸ್, ಮೂರನೇ ಸಾಲು 5 ಮತ್ತು 6 ಸಿ ಫೇಸ್, ಮತ್ತೆ 7 ಮತ್ತು 8 ಎ ಫೇಸ್. ಹೀಗಾಗಿ ನಂಬರ್ ಹೇಳಿದ್ರೆ ಸಾಕು, ಬೋರ್ಡ್ ತೆಗೆಯದೇ ಅದು ಯಾವ ಫೇಸ್ ಅಂತ ಲೆಕ್ಕ ಹಾಕಬಹುದು. ಮೂರು ಫೇಸ್ ಮೋಟಾರಿಗೆ 1, 3, 5 ಮೂರೂ ಸೇರಿ ಒಂದು ಬ್ರೇಕರ್.

ಬ್ರಿಟಿಷರ ಪದ್ಧತಿ ಬೇರೆ. ಅಲ್ಲಿ ಮೂರು ಫೇಸು ಸೇರಿ ಒಂದು "ವೇ". ಮೊದಲನೇ ವೇಯಲ್ಲಿ 1ಆರ್, 1ವೈ, 1ಬಿ, ಎರಡನೇದರಲ್ಲಿ 2ಆರ್, 2ವೈ, 2ಬಿ. ಈಗ ಅದನ್ನೇ 1ಎಲ್1, 1ಎಲ್2, 1ಎಲ್3 ಅಂತ ಬರೀತಾರೆ. ಅಂಗಡಿಯಲ್ಲಿ "ನಾಲ್ಕು ವೇ ಟಿಪಿಎನ್ ಡಿಬಿ ಕೊಡಿ" ಅಂದಾಗ 12 ಸಿಂಗಲ್ ಸ್ವಿಚ್ಚು ಹಿಡಿಸೋ ಡಬ್ಬಿ ಕೊಡ್ತಾರಲ್ಲ, ಯಾಕೆ ಅಂತ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ನಾಲ್ಕು ವೇ, ವೇಗೆ ಮೂರು ಫೇಸು, ಒಟ್ಟು 12. ನಮ್ಮಲ್ಲಿ ಎರಡು ಥರ ಸಿಗುತ್ತೆ. ಅಡ್ಡ ಡಬ್ಬಿಯಲ್ಲಿ ಆರ್ ಎಲ್ಲ ಒಂದು ಕಡೆ, ವೈ ಎಲ್ಲ ಒಂದು ಕಡೆ, ಬಿ ಎಲ್ಲ ಒಂದು ಕಡೆ ಗುಂಪು. ಉದ್ದ ಡಬ್ಬಿಯಲ್ಲಿ ಆರ್, ವೈ, ಬಿ, ಮತ್ತೆ ಆರ್, ವೈ, ಬಿ ಅಂತ ಪುನಃ ಪುನಃ ಬರುತ್ತೆ. ಮೋಟಾರ್ ಜಾಸ್ತಿ ಇರೋ ಕಡೆ ಉದ್ದ ಡಬ್ಬಿ ಅನುಕೂಲ, ಮೂರು ಫೇಸು ಅಕ್ಕಪಕ್ಕ ಸಿಗುತ್ತೆ.

ನಂಬರಿನ ಇನ್ನೊಂದು ಉಪಯೋಗ ಸಮತೋಲ. ಎಲ್ಲ ಬಲ್ಬು, ಪ್ಲಗ್ಗು ಒಂದೇ ಫೇಸಿಗೆ ಹಾಕಿದ್ರೆ ಆ ಫೇಸು ಬಸವಳಿಯುತ್ತೆ, ಮಿಕ್ಕವು ಆರಾಮಾಗಿರ್ತಾವೆ. ನೊಗದ ಒಂದು ಕಡೆ ಎತ್ತು, ಇನ್ನೊಂದು ಕಡೆ ಕರು ಕಟ್ಟಿದ ಹಾಗೆ. ಬರೆದು ಇಟ್ಟಿದ್ರೆ ಯಾವುದರ ಮೇಲೆ ಎಷ್ಟು ಹೊರೆ ಇದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ.

ನ್ಯೂಟ್ರಲ್ಲಿಗೂ ನಂಬರ್ ಬೇಕು ಅಂತ ಎಂಜಿನಿಯರ್ ಸಾಹೇಬ್ರು ಒತ್ತಿ ಹೇಳಿದ್ರು. 3ಆರ್ ಸ್ವಿಚ್ಚಿನ ನ್ಯೂಟ್ರಲ್, ನ್ಯೂಟ್ರಲ್ ಪಟ್ಟಿಯಲ್ಲೂ 3ಆರ್ ಜಾಗದಲ್ಲೇ ಇರಬೇಕು. ಇಲ್ಲದಿದ್ರೆ ಯಾರೋ ಒಬ್ಬ ಹತ್ತಿರ ಇದೆ ಅಂತ ಪಕ್ಕದ ಲೈನಿನ ನ್ಯೂಟ್ರಲ್ಲಿಗೆ ತನ್ನ ಬಲ್ಬ್ ಕಟ್ಟಿರ್ತಾನೆ. ನೀವು ನಿಮ್ಮ ಸ್ವಿಚ್ಚು ಇಳಿಸಿ ನ್ಯೂಟ್ರಲ್ ಬಿಚ್ಚಿದ್ರೆ, ಇನ್ನೊಬ್ಬನ ಕರೆಂಟ್ ನಿಮ್ಮ ಕೈ ಮೂಲಕ ದಾರಿ ಹುಡುಕುತ್ತೆ. ಸ್ವಿಚ್ಚು ಇಳಿಸಿದ್ರೂ ಶಾಕ್ ಹೊಡೀತು ಅನ್ನೋ ಕಥೆಗಳಲ್ಲಿ ಕೆಲವು ಇದೇ.

ಈಗ ಹೆಸರು. ಅಮೆರಿಕದ ವೈರಿಂಗ್ ನಿಯಮ ಶುರುವಾದದ್ದು 1897ರಲ್ಲಿ. ಇವತ್ತಿನ ಅದರ ಪುಸ್ತಕದಲ್ಲಿ ಬೋರ್ಡಿನ ಪಟ್ಟಿ ಬಗ್ಗೆ ಒಂದು ಮಾತಿದೆ. ಪ್ರತಿ ಸ್ವಿಚ್ಚು ಯಾವ ಕೆಲಸಕ್ಕೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಅಲ್ಲಿ ಸದ್ಯಕ್ಕೆ ಯಾರು ಇದ್ದಾರೆ, ಜಾಗ ಹೇಗೆ ಬಳಕೆಯಲ್ಲಿದೆ ಅನ್ನೋದರ ಮೇಲೆ ನಿಂತ ಹೆಸರು ಬರೆಯಬಾರದು. ಮಗ ಇದನ್ನ ಓದಿ ಹೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎಲ್ಲೋ ಅಮೆರಿಕದಲ್ಲಿ ಕೂತವರಿಗೆ ನಮ್ಮ ಮೋಟಾರ್ ಮನೆ ಹೇಗೆ ಗೊತ್ತಾಯ್ತು ಅನ್ನಿಸ್ತು.

"ಅಣ್ಣನ ಮನೆ" ಅಂತ ಇತ್ತಲ್ಲ, ಅದನ್ನ ನೋಡಿ. ಆ ವೈರ್‌ಮನ್ ನಮ್ಮ ತಂದೆಯವರನ್ನ ಅಣ್ಣ ಅಂತ ಕರೀತಿದ್ದ. ಅವನ ಲೆಕ್ಕದಲ್ಲಿ ಅಣ್ಣನ ಮನೆ ಅಂದ್ರೆ ತಂದೆ ಮಲಗ್ತಿದ್ದ ತೋಟದ ಮನೆ. ತಂದೆ ಹೋದ್ರು, ಪಾಲಾಯ್ತು. ತಮ್ಮನ ಮಕ್ಕಳಿಗೆ ಅಣ್ಣನ ಮನೆ ಅಂದ್ರೆ ನನ್ನ ಮನೆ. ನನ್ನ ಮಗನಿಗೆ ಅಣ್ಣ ಅಂದ್ರೆ ತಮ್ಮನ ದೊಡ್ಡ ಮಗ. ಒಂದೇ ಬರಹ, ಮೂರು ಜನಕ್ಕೆ ಮೂರು ಮನೆ. "ಹೊಸ ಬೋರ್" ಕಥೆಯೂ ಅದೇ. ಅದಾದ ಮೇಲೆ ಎರಡು ಹೊಸ ಬೋರ್ ಬಂದವು. ಹೊಸದು ಅನ್ನೋದು ಎಷ್ಟು ದಿನ ಹೊಸದಾಗಿರುತ್ತೆ?

ನಮ್ಮ ಸರ್ಕಾರದ ನಿಯಮವೂ ಬರಹದ ಬಗ್ಗೆ ಸುಮ್ಮನಿರಲಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಅರ್ತ್ ಮಾಡಿದ ನ್ಯೂಟ್ರಲ್ ತಂತಿಯನ್ನ ಫೇಸಿನಿಂದ ಬೇರೆ ಅಂತ ಗುರುತಿಸೋ ಶಾಶ್ವತ ಗುರುತು ಇರಬೇಕು ಅಂತಿತ್ತು. ಜಾಸ್ತಿ ವೋಲ್ಟೇಜ್ ಇರೋ ಕಡೆ ತಲೆಬುರುಡೆ, ಎಲುಬಿನ ಚಿತ್ರದ ಅಪಾಯ ಫಲಕ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತಿತ್ತು. ಟಿಸಿ ಕಂಬದ ಮೇಲೆ "ಅಪಾಯ" ಅಂತ ಕನ್ನಡದಲ್ಲಿ ಕಾಣೋದು ಅದರಿಂದಲೇ. ಪ್ರತಿ ಮೋಟಾರಿಗೂ ಒಂದು ಆರ್‌ಆರ್ ನಂಬರ್ ಇದೆ, ರೆವಿನ್ಯೂ ರಿಜಿಸ್ಟರ್ ನಂಬರ್. ಬೋರ್ಡು ಕೆಇಬಿ ಆಗಿ, ಆಮೇಲೆ ಕಂಪನಿಗಳಾಗಿ ಒಡೆದರೂ ಆ ನಂಬರಿನ ಪದ್ಧತಿ ಮುಂದುವರೀತು. ಹೊರಗೆ ಇಷ್ಟೆಲ್ಲ ನಂಬರ್ ಇದೆ. ಮೋಟಾರ್ ಮನೆ ಬಾಗಿಲು ದಾಟಿ ಒಳಗೆ ಬಂದ ಮೇಲೆ ಬರೆಯೋ ಜವಾಬ್ದಾರಿ ನಮ್ಮದು. ಅಲ್ಲೇ ನಾವು ಕೈಬಿಟ್ಟಿರೋದು.

ಸರಿ, ನಾನೇನು ಮಾಡಿದೆ ಹೇಳ್ತೀನಿ. ತಮ್ಮನಿಗೆ ಶಾಕ್ ಆದ ಮೇಲೆ ಹಳೇ ಡಬ್ಬಿಗಳನ್ನ ತೆಗೆಸಿ, ಲೈಸೆನ್ಸ್ ಇರೋ ವೈರ್‌ಮನ್ ಕೈಲಿ ನಾಲ್ಕು ವೇ ಉದ್ದ ಡಬ್ಬಿ ಹಾಕಿಸಿದೆ. ಆದ್ರೆ ಅವರು ಕಂಪನಿ ಕೊಟ್ಟ ಒಂದು, ಎರಡು ಅನ್ನೋ ಸ್ಟಿಕ್ಕರ್ ಅಂಟಿಸಿ ಹೋದ್ರು. ಈ ಮಳೆಯಲ್ಲಿ ತ್ರೀ ಫೇಸ್ ಬಂದಾಗ ಎಲ್ಲ ಇಳಿಸಿ, ಒಂದೊಂದೇ ಏರಿಸಿ, ಮಗ ಮೋಟಾರ್ ಮನೆಯಲ್ಲಿ, ನಾನು ಕೊಟ್ಟಿಗೆಯಲ್ಲಿ, ತಮ್ಮ ಬೋರಿನ ಹತ್ತಿರ, ಫೋನಿನಲ್ಲಿ ಮಾತಾಡ್ತಾ ಯಾವುದು ಎಲ್ಲಿಗೆ ಅಂತ ಖಾತ್ರಿ ಮಾಡಿಕೊಂಡ್ವಿ. ಡಬ್ಬಿ ಮುಚ್ಚಳ ತೆಗೆಯಲಿಲ್ಲ, ಒಳಗೆ ಕೈ ಹಾಕಲಿಲ್ಲ. ಆ ಕೆಲಸ ನಮ್ಮದಲ್ಲ.

ಆಮೇಲೆ ಬರೆದದ್ದು ಹೀಗೆ. ವೇ 1, ಆರ್ ವೈ ಬಿ ಮೂರೂ: ಹುಣಸೆಮರದ ಬೋರ್ ಮೋಟಾರ್. ವೇ 2, ಮೂರೂ: ಮೇವು ಕತ್ತರಿಸುವ ಯಂತ್ರ, ಕೊಟ್ಟಿಗೆಯ ಪೂರ್ವ ಗೋಡೆ. 3ಆರ್: ಕೊಟ್ಟಿಗೆ ದೀಪ ಮತ್ತು ಪ್ಲಗ್. 3ವೈ: ತೋಟದ ಹೆಂಚಿನ ಮನೆ. 3ಬಿ: ಮೋಟಾರ್ ಮನೆ ದೀಪ. ವೇ 4: ಖಾಲಿ. ಖಾಲಿ ಅನ್ನೋದನ್ನೂ ಬರೆದೆ, ಅದು ಮುಖ್ಯ. ನಮ್ಮ ಕಷ್ಟ ಶುರುವಾದದ್ದೇ ಒಂದು ಖಾಲಿ ಸ್ವಿಚ್ಚಿನಿಂದ. ಹುಣಸೆಮರ ಮುದಿಯಾಗಿದೆ ನಿಜ, ಆದ್ರೆ ನಮ್ಮೆಲ್ಲರಿಗಿಂತ ಜಾಸ್ತಿ ವರ್ಷ ಇರುತ್ತೆ.

ಯಂತ್ರದ ಸ್ಟಾರ್ಟರ್ ಮೇಲೂ ಬರೆದಿದ್ದೀನಿ: "ಕರೆಂಟ್ ಬರೋದು ಮೋಟಾರ್ ಮನೆ ವೇ 2ರಿಂದ." ಬೋರ್ಡಿನಲ್ಲಿ ಬರೆದ್ರೆ ಅರ್ಧ ಕೆಲಸ, ಯಂತ್ರದ ಹತ್ತಿರವೂ ಇರಬೇಕು. ರಿಪೇರಿ ಮಾಡೋನು ನಿಲ್ಲೋದು ಅಲ್ಲಿ. ಒಂದು ಕಾಗದದಲ್ಲಿ ಎಲ್ಲ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡಬ್ಬಿ ಬಾಗಿಲ ಒಳಗಡೆ ಅಂಟಿಸಿದ್ದೀನಿ, ಕೆಳಗೆ ತಾರೀಕು ಹಾಕಿ. ತಾರೀಕು ಇದ್ರೆ ಓದೋನಿಗೆ ಇದು ಹಳೇದಾ ಅಂತ ಅನುಮಾನ ಪಡೋಕೆ ಒಂದು ದಾರಿ ಇರುತ್ತೆ. ಇಂಗ್ಲಿಷ್ ಬಾರದ ನಮ್ಮ ಮನೆಯ ಹೆಂಗಸರಿಗೂ ಓದೋಕೆ ಬರಲಿ ಅಂತ ಕನ್ನಡದಲ್ಲೇ ಬರೆದೆ.

ಎಲ್1, ಎಲ್2 ಅಂತ ಬರೀಬೇಕಾ ಅಂತ ಮಗ ಕೇಳಿದ. ಬೇಡ ಅಂದೆ. ನಮ್ಮ ಲೈನ್‌ಮನ್ನಿಗೆ, ವೈರ್‌ಮನ್ನಿಗೆ, ನನ್ನ ತಮ್ಮನಿಗೆ ಗೊತ್ತಿರೋದು ಆರ್ ವೈ ಬಿ. ಓದೋನಿಗೆ ಅರ್ಥ ಆಗೋದೇ ಸರಿಯಾದ ಹೆಸರು. ನಾಳೆ ಇಲ್ಲೂ ಬದಲಾದ್ರೆ ಆವತ್ತು ಬದಲಾಯಿಸಿದರಾಯ್ತು, ಹಳೇದನ್ನ ಅಳಿಸಿ.

ಕೊನೇದಾಗಿ ಮೂರು ಮಾತು. ಒಂದು, ವೈರ್ ಬದಲಾದ ದಿನವೇ ಬರಹ ಬದಲಾಯಿಸಿ, ಸಂಜೆಗೂ ಬಿಡಬೇಡಿ. ಎರಡು, ಎಷ್ಟು ಚೆನ್ನಾಗಿ ಬರೆದಿದ್ರೂ ಬರಹ ನಂಬಿ ಕೈ ಹಾಕಬೇಡಿ, ಮೇನ್ ಇಳಿಸಿ, ಮೂರು ಫೇಸನ್ನೂ ಒಂದೊಂದಾಗಿ ಟೆಸ್ಟ್ ಮಾಡಿಸಿ. ಬಲ್ಬ್ ಆರಿದ್ರೆ ಒಂದು ಫೇಸು ಹೋಗಿದೆ ಅಂತ ಮಾತ್ರ ಅರ್ಥ. ಮೂರು, ನಿಮಗೆ ಗೊತ್ತಿರೋದು ನಿಮ್ಮ ತಲೆಯಲ್ಲಿ ಇದ್ರೆ ಸಾಲದು. ನೀವು ಸಂತೆಗೆ ಹೋಗಿರೋ ದಿನವೇ ಯಂತ್ರ ಕೆಡುತ್ತೆ.

ಬರೆದು ಮುಗಿಸಿದ ಮೇಲೆ ತಮ್ಮನ್ನ ಕರೆದು ತೋರಿಸಿದೆ. ಒಂದೊಂದೇ ಓದಿದ. ಕೊಟ್ಟಿಗೆಗೆ ಹೋಗಿ ಸ್ಟಾರ್ಟರ್ ಮೇಲಿನದ್ದೂ ಓದಿ ಬಂದ. "ಸರಿಯಾಗಿದೆ ಅಣ್ಣ" ಅಂದ. ಆಮೇಲೆ, "ಇನ್ನೊಂದು ಸಲ ಏರಿಸಿ ಇಳಿಸಿ ನೋಡೋಣ" ಅಂದ. ನೋಡಿದ್ವಿ. ಸರಿಯಾಗೇ ಇತ್ತು.